ಅತ್ತೆಯ ಟ್ರಂಕು, ಲಿಲಿಯನ್ ಕಾಗದಗಳು

ಪ್ರಶ್ನೆ: ಮೇಡಂ, ನಮ್ಮತ್ತೆ ಮನೆಯಲ್ಲೇ ಹೊಲಿಗೆ ಕ್ಲಾಸ್ ನಡೆಸುತ್ತಿದ್ದರು. ಅವರ ಟ್ರಂಕಿನ ತುಂಬ ಅಳತೆ ಪುಸ್ತಕ, ಚೀಟಿ, ಪತ್ರಗಳು. ರದ್ದಿಗೆ ಹಾಕೋಣ ಅಂದರೆ ಇಂಜಿನಿಯರಿಂಗ್ ಓದುವ ಮಗಳು ಬಿಡುತ್ತಿಲ್ಲ. ಲಿಲಿಯನ್ ಗಿಲ್ಬ್ರೆತ್ ಅನ್ನುವವರ ಮನೆಯ ಕಾಗದಗಳನ್ನು ಯೂನಿವರ್ಸಿಟಿಯೇ ಜೋಪಾನ ಮಾಡಿದೆ ಅನ್ನುತ್ತಾಳೆ. ಅವುಗಳಲ್ಲಿ ಅಂಥದ್ದೇನಿದೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮಗಳ ಮಾತು ಕೇಳಿ, ರದ್ದಿಯವರನ್ನು ಕರೆಯಬೇಡಿ.

ನಾನು ಕಾಲೇಜಿನಲ್ಲಿ ವರ್ಕ್ ಸ್ಟಡಿ, ಅಂದರೆ ಕೆಲಸ ಮಾಡುವ ರೀತಿಯನ್ನೇ ಅಳೆದು ನೋಡುವ ವಿದ್ಯೆ, ಪಾಠ ಮಾಡಿದವಳು. ಹುಡುಕು, ಹಿಡಿ, ಸಾಗಿಸು, ಜೋಡಿಸು – ಹೀಗೆ ಕೈಕೆಲಸವನ್ನು ಬಿಡಿಬಿಡಿಯಾಗಿ ನೋಡಿದಾಗ ಸಿಗುವ ಒಂದೊಂದು ತುಣುಕಿಗೂ 'ಥರ್ಬ್ಲಿಗ್' ಅಂತ ಹೆಸರು. ಗಿಲ್ಬ್ರೆತ್ ಹೆಸರನ್ನೇ ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ ತಿರುಗಿಸಿ ಬರೆದದ್ದು ಅದು. ಅಮೆರಿಕದ ಫ್ರಾಂಕ್ ಮತ್ತು ಲಿಲಿಯನ್ ಗಿಲ್ಬ್ರೆತ್, ಗಂಡ ಹೆಂಡತಿ ಸೇರಿ ಬೆಳೆಸಿದ ವಿದ್ಯೆ. ಕೆಲಸಗಾರರ ಬೆರಳಿಗೆ ಪುಟ್ಟ ಬಲ್ಬು ಕಟ್ಟಿ, ಕ್ಯಾಮೆರಾ ಕಣ್ಣು ತೆರೆದೇ ಇಟ್ಟು ಫೋಟೋ ತೆಗೆಯುತ್ತಿದ್ದರು. ಕೈ ಓಡಾಡಿದ ದಾರಿಯೆಲ್ಲ ಬೆಳಕಿನ ಗೆರೆಯಾಗಿ ಮೂಡುತ್ತಿತ್ತು. ಎಲ್ಲಿ ಸುಮ್ನೆ ಸುತ್ತಾಟ, ಎಲ್ಲಿ ನೇರ ಕೆಲಸ ಅಂತ ಕಣ್ಣಿಗೇ ಕಾಣುತ್ತಿತ್ತು.

ಆದರೆ 1914ರಲ್ಲಿ ಲಿಲಿಯನ್ ಬರೆದ ಪುಸ್ತಕ ಬಂದಾಗ ಹೊರಗೆ ಬರೀ 'ಎಲ್. ಎಂ. ಗಿಲ್ಬ್ರೆತ್' ಅಂತಿತ್ತು. ಬರೆದದ್ದು ಹೆಂಗಸು ಅಂತ ಗೊತ್ತಾಗುವುದು ಪ್ರಕಾಶಕರಿಗೆ ಬೇಕಿರಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಅವರಿಗೆ ಮನೋವಿಜ್ಞಾನದಲ್ಲಿ ಪಿಎಚ್.ಡಿ. ಬಂದದ್ದು ಮರುವರ್ಷವೇ, 1915ರಲ್ಲಿ. ಪುಸ್ತಕದ ಹೊರಗೆ ಹೆಸರು ಮುಚ್ಚಿಹೋದವರ ಕೈಕೆಲಸ ಹುಡುಕಬೇಕಾದರೆ ಪತ್ರ, ಟಿಪ್ಪಣಿ, ಫೋಟೋಗಳೇ ಗತಿ ಅಲ್ವಾ? ದಂಪತಿಯ ಅಂಥ ದಾಖಲೆಗಳು ಇಂಡಿಯಾನಾದ ಪರ್ಡ್ಯೂ ಯೂನಿವರ್ಸಿಟಿಯಲ್ಲಿವೆ. ಲಿಲಿಯನ್ 1935ರಿಂದ ಅಲ್ಲೇ ಪ್ರೊಫೆಸರ್ ಆಗಿದ್ದರು.

ಇನ್ನು ಮನೆಯ ಕಾಗದ ಯಾಕೆ ಅಂದಿರಿ. ಅವರ ಮನೆಗೂ ಕೆಲಸಕ್ಕೂ ನಡುವೆ ಗೋಡೆಯೇ ಇರಲಿಲ್ಲ. ಹೆತ್ತದ್ದು ಹನ್ನೆರಡು ಮಕ್ಕಳನ್ನು, ಒಂದು ಮಗು ಚಿಕ್ಕದರಲ್ಲೇ ಹೋಯಿತು. ಹಲ್ಲುಜ್ಜಿದ್ದು, ಸ್ನಾನವಾದದ್ದು ಗುರುತು ಹಾಕಲು ಬಚ್ಚಲಲ್ಲಿ ಮಕ್ಕಳಿಗೆ ಚಾರ್ಟು ಇತ್ತು. 1924ರ ಜೂನ್‌ನಲ್ಲಿ ಫ್ರಾಂಕ್ ಇದ್ದಕ್ಕಿದ್ದಂತೆ ತೀರಿಕೊಂಡರು. ಕೆಲವೇ ದಿನಗಳಲ್ಲಿ ಲಿಲಿಯನ್ ಹಡಗು ಹತ್ತಿ, ಅವರ ಬದಲು ತಾವೇ ಯುರೋಪಿನ ಸಮ್ಮೇಳನಗಳಲ್ಲಿ ಮಾತಾಡಿದರು. ಹೆಂಗಸಿಗೆ ಫ್ಯಾಕ್ಟರಿ ಕೆಲಸ ಕೊಡಲು ಕಂಪನಿಗಳು ಹಿಂದೆಮುಂದೆ ನೋಡಿದವು. ಅವರು ಅಡುಗೆಮನೆಗೆ ಕೈಹಾಕಿದರು. ಕಾಲಲ್ಲಿ ಒತ್ತಿದರೆ ಮುಚ್ಚಳ ತೆರೆಯುವ ಕಸದ ಡಬ್ಬಿ, ಫ್ರಿಡ್ಜ್ ಬಾಗಿಲ ಒಳಗಿನ ಹಲಗೆ – ಎರಡರ ಜೊತೆಗೂ ಅವರ ಹೆಸರಿದೆ.

ಈಗ ನಿಮ್ಮ ಟ್ರಂಕು. ಯಾವುದರ ಪಕ್ಕ ಯಾವುದಿತ್ತೋ ಅದೇ ಜೋಡಣೆ ಇರಲಿ. ತುಕ್ಕು ಹಿಡಿದ ಪಿನ್ನುಗಳನ್ನು ಮೆಲ್ಲಗೆ ತೆಗೆಯಿರಿ. ಲ್ಯಾಮಿನೇಷನ್ ಬೇಡ, ಸೆಲ್ಲೋಟೇಪ್ ಬೇಡವೇ ಬೇಡ. ಆಮೇಲೆ ಅತ್ತೆಯವರನ್ನು ಪಕ್ಕ ಕೂರಿಸಿಕೊಂಡು ಅಳತೆ ಪುಸ್ತಕ ತೆರೆಯಿರಿ. ಯಾವ ಅಳತೆ ಯಾರದು, ಅದು ಯಾರ ಮದುವೆಯ ರವಿಕೆ ಅಂತ ಕೇಳಿ. ಅವರು ಹೇಳಿದ್ದನ್ನು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ. ಪೆನ್ನು ಬೇಡ, ಪೆನ್ಸಿಲ್ ಇರಲಿ.