ಎಡಗಿವಿಯಲ್ಲಿ ಮಾತ್ರ ಗುಂಯ್ ಎನ್ನುವ ಶಬ್ದಕ್ಕೆ ಎಣ್ಣೆ ಬಿಡಬಹುದೇ?

ಮೂರು ತಿಂಗಳಿಂದ ಎಡಗಿವಿಯಲ್ಲಷ್ಟೇ ಗುಂಯ್ ಎನ್ನುತ್ತಿದೆ, ಬಿಸಿ ಎಣ್ಣೆ ಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಕಿವಿಯ ತಮಟೆ ತೂತಾಗಿದ್ದರೆ ಎಣ್ಣೆ ಒಳಗಿಳಿದು ಸೋಂಕಾದೀತು. ಹತ್ತಿಯ ಬಡ್ಸ್ ಹಾಕಿದರೆ ಗುಗ್ಗೆ ಇನ್ನೂ ಒಳಗೆ ಹೋಗಿ ಗಟ್ಟಿಯಾಗಿ ಕೂರುತ್ತದೆ.

ಒಂದೇ ಕಿವಿ ಎಂಬುದೇ ಇಲ್ಲಿ ಮುಖ್ಯ. ಇಎನ್‌ಟಿ ವೈದ್ಯರಿಗೆ ಕಿವಿ ತೋರಿಸಿ, ಪ್ಯೂರ್ ಟೋನ್ ಆಡಿಯೋಮೆಟ್ರಿ (ಕೇಳುವ ಶಕ್ತಿಯ ಪರೀಕ್ಷೆ), ಟಿಂಪನೋಮೆಟ್ರಿ (ತಮಟೆ ಮತ್ತು ನಡುಗಿವಿಯ ಪರೀಕ್ಷೆ) ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಇವು ಆಗುತ್ತವೆ. ಎರಡು ಕಿವಿಗಳ ಕೇಳುವ ಶಕ್ತಿಯಲ್ಲಿ ಅಂತರ ಕಂಡರೆ ಎಂಆರ್‌ಐ ಬರೆಯಬಹುದು; ಶ್ರವಣನರದ ಮೇಲೆ ಅಪರೂಪಕ್ಕೆ ಬೆಳೆಯುವ, ಕ್ಯಾನ್ಸರಲ್ಲದ ಗಡ್ಡೆ ಇಲ್ಲವೆಂದು ಖಚಿತಪಡಿಸಲು. ಗಾಬರಿ ಬೇಡ, ಬಹುತೇಕರಿಗೆ ಅದು ಇರುವುದಿಲ್ಲ.

ಮಾತ್ರೆಗಳ ಪಟ್ಟಿ ಒಯ್ಯಿರಿ. ಹೆಚ್ಚು ಡೋಸಿನ ಆಸ್ಪಿರಿನ್, ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್, ಮಲೇರಿಯಾದ ಕ್ವಿನೈನ್ ಸದ್ದು ತರಬಲ್ಲವು. ಆದರೆ ನೀವಾಗಿಯೇ ನಿಲ್ಲಿಸಬೇಡಿ. ಶಬ್ದ ನಾಡಿಯ ಬಡಿತಕ್ಕೆ ಸರಿಯಾಗಿ ಬರುತ್ತಿದ್ದರೆ ಅದನ್ನೂ ಹೇಳಿ. ಆಗ ರಕ್ತನಾಳಗಳನ್ನು ನೋಡಬೇಕಾಗುತ್ತದೆ.

ದಿಢೀರನೆ ಕಿವಿ ಮಂದವಾದರೆ ಮಾತ್ರ ಅಂದೇ ಓಡಿ. ಸ್ಟೀರಾಯ್ಡ್ ಬೇಗ ಶುರುವಾದಷ್ಟೂ ಒಳ್ಳೆಯದು, ಎರಡು ವಾರ ಕಳೆದರೆ ಫಲ ತೀರಾ ಕಡಿಮೆ.

ರಾತ್ರಿ ಪೂರ್ತಿ ನಿಶ್ಶಬ್ದದಲ್ಲಿ ಮಲಗಬೇಡಿ. ಫ್ಯಾನ್ ಅಥವಾ ಮಳೆಯ ಸದ್ದು, ಗುಂಯ್‌ಗಿಂತ ತುಸು ಕಡಿಮೆಯಿರಲಿ. ಗುಂಯ್ ಕೇಳಿಸದಂತೆ ಪೂರ್ತಿ ಮುಚ್ಚಿಬಿಟ್ಟರೆ ಮಿದುಳು ಅದಕ್ಕೆ ಹೊಂದಿಕೊಳ್ಳಲು ಕಲಿಯುವುದಿಲ್ಲ.