ಪ್ರಶ್ನೋತ್ತರ: ಎರಡು ಸರಾಸರಿಗಳನ್ನು ಹೋಲಿಸುವ ಮುನ್ನ

ಪ್ರಶ್ನೆ: ನಾನು ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ನಮ್ಮಲ್ಲಿ ಎಂಟನೆಯ ತರಗತಿಗೆ ‘ಎ’ ಮತ್ತು ‘ಬಿ’ ಎಂಬ ಎರಡು ವಿಭಾಗಗಳಿದ್ದು, ಒಂದೊಂದರಲ್ಲೂ 40 ಮಕ್ಕಳಿದ್ದಾರೆ. ಗಣಿತದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ‘ಎ’ ವಿಭಾಗದ ಸರಾಸರಿ 65, ‘ಬಿ’ ವಿಭಾಗದ್ದು 58.5. ಆದರೆ ನಮ್ಮ ಸಂಸ್ಥೆಯ ಪ್ರಾಥಮಿಕ ಶಾಲೆಯಿಂದಲೇ ಬಂದ ಮಕ್ಕಳನ್ನು ಬೇರೆಯಾಗಿ ನೋಡಿದರೆ ‘ಎ’ಯಲ್ಲಿ 70, ‘ಬಿ’ಯಲ್ಲಿ 72, ಬೇರೆ ಶಾಲೆಗಳಿಂದ ಈ ವರ್ಷ ಸೇರಿದವರನ್ನು ನೋಡಿದರೆ ‘ಎ’ಯಲ್ಲಿ 50, ‘ಬಿ’ಯಲ್ಲಿ 54. ‘ಎ’ಯಲ್ಲಿ ಹಳಬರು 30, ಹೊಸಬರು 10, ‘ಬಿ’ಯಲ್ಲಿ ಹಳಬರು 10, ಹೊಸಬರು 30. ಎರಡು ಗುಂಪುಗಳಲ್ಲೂ ಮುಂದಿರುವ ವಿಭಾಗ ಒಟ್ಟಿನಲ್ಲಿ ಹಿಂದೆ ಬೀಳುವುದು ಹೇಗೆ? ಆಡಳಿತ ಮಂಡಳಿಯವರು ‘ಬಿ’ ವಿಭಾಗದ ಶಿಕ್ಷಕರಿಂದ ವಿವರಣೆ ಕೇಳಿದ್ದಾರೆ.
— ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ನಿಮ್ಮ ಲೆಕ್ಕ ಸರಿಯಾಗಿದೆ. ‘ಎ’ ವಿಭಾಗದ ಹಳಬರ ಒಟ್ಟು ಅಂಕ 2100, ಹೊಸಬರದು 500. ಕೂಡಿದ 2600ನ್ನು 40ರಿಂದ ಭಾಗಿಸಿದರೆ 65. ‘ಬಿ’ ವಿಭಾಗದಲ್ಲಿ 720 ಮತ್ತು 1620 ಸೇರಿ 2340, ಅಂದರೆ 58.5. ಒಟ್ಟು ಸರಾಸರಿಯು ಗುಂಪುಗಳ ಸರಾಸರಿಗಳಿಂದ ಮಾತ್ರ ಹುಟ್ಟುವುದಿಲ್ಲ; ಪ್ರತಿಯೊಂದು ಗುಂಪಿನಲ್ಲಿ ಎಷ್ಟು ಜನರಿದ್ದಾರೆಂಬುದೂ ಅದರೊಳಗೆ ಸೇರಿರುತ್ತದೆ. ‘ಎ’ಯಲ್ಲಿ ಹೆಚ್ಚು ಅಂಕ ಗಳಿಸುವ ಗುಂಪು ದೊಡ್ಡದು, ‘ಬಿ’ಯಲ್ಲಿ ಕಡಿಮೆ ಅಂಕ ಗಳಿಸುವ ಗುಂಪು ದೊಡ್ಡದು. ಆದ್ದರಿಂದ 65 ಮತ್ತು 58.5ರ ನಡುವಿನ ಅಂತರ ಬಹುಮಟ್ಟಿಗೆ ಮಕ್ಕಳನ್ನು ವಿಭಾಗಗಳಿಗೆ ಹಂಚಿದ ರೀತಿಯಿಂದ ಬಂದಿದೆಯೇ ಹೊರತು ಪಾಠ ಮಾಡಿದ ರೀತಿಯಿಂದ ಬಂದುದಲ್ಲ.

ಗುಂಪಿನ ಗಾತ್ರಕ್ಕೆ ತಕ್ಕ ತೂಕ ಕೊಟ್ಟು ಸರಾಸರಿ ತೆಗೆಯುವ ಕ್ರಮ ನಮ್ಮ ನಾಡಿನ ಗಣಿತಜ್ಞರಿಗೆ ಬಹಳ ಹಿಂದೆಯೇ ತಿಳಿದಿತ್ತು. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯರ ‘ಲೀಲಾವತಿ’ಯಲ್ಲಿ ಚಿನ್ನವನ್ನು ಕರಗಿಸಿ ಬೆರೆಸುವ ಲೆಕ್ಕವೊಂದಿದೆ. 13, 12, 11 ಮತ್ತು 10 ವರ್ಣಗಳ, ಅಂದರೆ ಬೇರೆ ಬೇರೆ ಶುದ್ಧತೆಯ, ಚಿನ್ನವು ಕ್ರಮವಾಗಿ 10, 4, 2 ಮತ್ತು 4 ಮಾಷ ತೂಕವಿದ್ದರೆ ಬೆರೆಸಿದ ಚಿನ್ನದ ವರ್ಣ ಎಷ್ಟು ಎಂಬುದು ಅಲ್ಲಿನ ಪ್ರಶ್ನೆ. ಪ್ರತಿ ವರ್ಣವನ್ನೂ ಅದರ ತೂಕದಿಂದ ಗುಣಿಸಿ ಕೂಡಿದರೆ 240, ಒಟ್ಟು ತೂಕ 20, ಉತ್ತರ 12. ತೂಕವನ್ನು ಮರೆತು ನಾಲ್ಕು ವರ್ಣಗಳನ್ನು ಕೂಡಿ ನಾಲ್ಕರಿಂದ ಭಾಗಿಸಿದರೆ 11.5 ಬರುತ್ತದೆ, ಮತ್ತು ಆ ಬೆಲೆಗೆ ಚಿನ್ನ ಮಾರಿದವನಿಗೆ ನಷ್ಟವಾಗುತ್ತದೆ. ತರಗತಿಯಲ್ಲಿ ಈ ವಿಷಯ ಪರಿಚಯಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಗುಂಪುಗಳಲ್ಲಿ ಒಂದು ಬಗೆಯಾಗಿ, ಒಟ್ಟಿನಲ್ಲಿ ತದ್ವಿರುದ್ಧವಾಗಿ ಕಾಣುವ ಇಂಥ ಸ್ಥಿತಿಗೆ ಸಂಖ್ಯಾಶಾಸ್ತ್ರದಲ್ಲಿ ಸಿಂಪ್ಸನ್ ವಿರೋಧಾಭಾಸ ಎನ್ನುತ್ತಾರೆ. ಇದರ ಪ್ರಸಿದ್ಧ ನಿದರ್ಶನ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ 1973ರ ಸ್ನಾತಕೋತ್ತರ ಪ್ರವೇಶದ ಅಂಕಿ-ಅಂಶ. ಅರ್ಜಿ ಹಾಕಿದ ಪುರುಷರಲ್ಲಿ ಸುಮಾರು 44 ಶೇಕಡ, ಮಹಿಳೆಯರಲ್ಲಿ ಸುಮಾರು 35 ಶೇಕಡ ಮಂದಿಗೆ ಪ್ರವೇಶ ದೊರೆತಿತ್ತು. ಮಹಿಳೆಯರಿಗೆ ಅನ್ಯಾಯವಾಗಿದೆಯೆಂದು ಮೇಲ್ನೋಟಕ್ಕೆ ಯಾರಿಗಾದರೂ ಅನಿಸುವಂಥ ಅಂತರವದು. ಆದರೆ ಒಂದೊಂದೇ ವಿಭಾಗವನ್ನು ಬಿಡಿಸಿ ನೋಡಿದಾಗ ಮಹಿಳೆಯರ ವಿರುದ್ಧ ವ್ಯಾಪಕವಾದ ಪಕ್ಷಪಾತ ಕಾಣಲಿಲ್ಲ; ದೊಡ್ಡ ವಿಭಾಗವೊಂದರಲ್ಲಂತೂ ಪುರುಷರಿಗೆ 62 ಶೇಕಡ ಪ್ರವೇಶ ಸಿಕ್ಕಿದ್ದರೆ ಮಹಿಳೆಯರಿಗೆ 82 ಶೇಕಡ ಸಿಕ್ಕಿತ್ತು. ಆ ವಿಭಾಗಕ್ಕೆ ಅರ್ಜಿ ಹಾಕಿದ ಪುರುಷರು 825, ಮಹಿಳೆಯರು ಕೇವಲ 108. ಪ್ರವೇಶ ಸಿಗುವುದೇ ಕಷ್ಟವಾಗಿದ್ದ ವಿಭಾಗಗಳಿಗೆ ಮಹಿಳೆಯರು ಹೆಚ್ಚಿನ ಪ್ರಮಾಣದಲ್ಲಿ ಅರ್ಜಿ ಹಾಕಿದ್ದರಿಂದ ಅವರ ಒಟ್ಟು ಶೇಕಡಾವಾರು ಇಳಿದಿತ್ತು. ಶೇಕಡಾವಾರು ಎಂಬುದೂ ಒಂದು ಸರಾಸರಿಯೇ ಆದ್ದರಿಂದ ನಿಮ್ಮ ಶಾಲೆಯಲ್ಲಿ ನಡೆದದ್ದೂ ಇದೇ.

ಆಡಳಿತ ಮಂಡಳಿಯ ಮುಂದೆ ಇನ್ನೊಂದು ಲೆಕ್ಕವನ್ನು ಇಡಬಹುದು. ಎರಡೂ ವಿಭಾಗಗಳಲ್ಲಿ ಹಳಬರು 20, ಹೊಸಬರು 20 ಇದ್ದು, ಗುಂಪುಗಳ ಸರಾಸರಿ ಈಗಿರುವಂತೆಯೇ ಇದ್ದಿದ್ದರೆ ‘ಎ’ಯ ಸರಾಸರಿ 60, ‘ಬಿ’ಯ ಸರಾಸರಿ 63 ಆಗುತ್ತಿತ್ತು. ಒಂದೇ ಬಗೆಯ ಹಂಚಿಕೆಯ ಮೇಲೆ ಹೋಲಿಸುವುದು ನ್ಯಾಯವಾದ ಕ್ರಮ, ಮತ್ತು ‘ಬಿ’ ವಿಭಾಗದ ಶಿಕ್ಷಕರಿಂದ ವಿವರಣೆ ಕೇಳಿದ್ದು ಸರಿಯಲ್ಲವೆಂದು ಸ್ಪಷ್ಟವಾಗಿ ಹೇಳುತ್ತೇನೆ. ಆದರೆ ಅವರೇ ಉತ್ತಮ ಶಿಕ್ಷಕರೆಂದು ಇದರಿಂದ ತೀರ್ಮಾನಿಸಲೂ ಬಾರದು: ಹತ್ತು ಮಕ್ಕಳ ಗುಂಪಿನಲ್ಲಿ ಒಂದೇ ಮಗು 20 ಅಂಕ ಹೆಚ್ಚು ಪಡೆದರೂ ಸರಾಸರಿ 2 ಅಂಕ ಏರುತ್ತದೆ, ಮತ್ತು ಹಳಬರಲ್ಲಿ ನಿಮಗೆ ಕಂಡಿರುವ ಅಂತರವೂ ಅಷ್ಟೇ. ಯಾವ ವಿಭಾಗಕ್ಕೆ ಹೆಚ್ಚು ವಿಶೇಷ ತರಗತಿಗಳು ಬೇಕು ಎಂಬುದು ಪ್ರಶ್ನೆಯಾದರೆ ಮಾತ್ರ 58.5 ಎಂಬ ಒಟ್ಟು ಸರಾಸರಿ ಉಪಯುಕ್ತ, ಏಕೆಂದರೆ ಹೆಚ್ಚು ನೆರವು ಬೇಕಾದ ಮಕ್ಕಳು ನಿಜವಾಗಿಯೂ ಅಲ್ಲಿದ್ದಾರೆ.

ಪ್ರಶ್ನೆ: ಒಬ್ಬ ಬ್ಯಾಟರ್ ಒಂದು ಸರಣಿಯಲ್ಲಿ 60, ಮುಂದಿನ ಸರಣಿಯಲ್ಲಿ 30 ಸರಾಸರಿ ಪಡೆದರೆ ಎರಡೂ ಸೇರಿ 45 ಎನ್ನಬಹುದೇ?
— ಓದುಗರು, ಹಾಸನ

ಉತ್ತರ: ಎರಡೂ ಸರಣಿಗಳಲ್ಲಿ ಅಷ್ಟೇ ಬಾರಿ ಔಟಾಗಿದ್ದರೆ ಮಾತ್ರ ಹಾಗೆನ್ನಬಹುದು. ಕ್ರಿಕೆಟ್‌ನಲ್ಲಿ ರನ್ನುಗಳನ್ನು ಭಾಗಿಸುವುದು ಇನಿಂಗ್ಸ್‌ಗಳಿಂದಲ್ಲ, ಔಟಾದ ಸಲಗಳಿಂದ. ಮೊದಲ ಸರಣಿಯಲ್ಲಿ 2 ಸಲ, ಎರಡನೆಯದರಲ್ಲಿ 8 ಸಲ ಔಟಾಗಿದ್ದರೆ ರನ್ನುಗಳು 120 ಮತ್ತು 240, ಒಟ್ಟು ಸರಾಸರಿ 36.

ಟೆಸ್ಟ್ ಪಂದ್ಯಗಳಲ್ಲಿ ರಾಹುಲ್ ದ್ರಾವಿಡ್ 286 ಇನಿಂಗ್ಸ್‌ಗಳಲ್ಲಿ 13,288 ರನ್ ಗಳಿಸಿದರು. 32 ಸಲ ಔಟಾಗದೆ ಉಳಿದುದರಿಂದ ಭಾಜಕ 254, ಸರಾಸರಿ 52.31. ಇನಿಂಗ್ಸ್‌ಗಳಿಂದ ಭಾಗಿಸಿದರೆ 46.46 ಬರುತ್ತದೆ. ಡಾನ್ ಬ್ರಾಡ್ಮನ್ ಅವರ 6,996 ರನ್ನುಗಳನ್ನು 70ರಿಂದ ಭಾಗಿಸಿದರೆ ಎಲ್ಲರಿಗೂ ಗೊತ್ತಿರುವ 99.94, ಅವರ 80 ಇನಿಂಗ್ಸ್‌ಗಳಿಂದ ಭಾಗಿಸಿದರೆ 87.45. ಯಾವ ಎರಡು ಆಟಗಾರರನ್ನು ಹೋಲಿಸಿದರೂ ಭಾಜಕ ಒಂದೇ ಬಗೆಯದಾಗಿರಬೇಕು. 1948ರಲ್ಲಿ ಓವಲ್ ಮೈದಾನದಲ್ಲಿ ಕೊನೆಯ ಇನಿಂಗ್ಸ್‌ಗೆ ಇಳಿದಾಗ ಬ್ರಾಡ್ಮನ್ 69 ಸಲವಷ್ಟೇ ಔಟಾಗಿದ್ದರು, ಸರಾಸರಿ 101.39 ಇತ್ತು, ಅಂದು ಸೊನ್ನೆಗೆ ಔಟಾದುದರಿಂದ ರನ್ನುಗಳು ಹಾಗೆಯೇ ಉಳಿದು ಭಾಜಕ ಮಾತ್ರ ಒಂದು ಹೆಚ್ಚಿತು.