ಅಜ್ಜನ ಮನಿ ಕಲ್ಲು ಬುನಾದಿಗೆ ತುಂಬಬ್ಯಾಡ್ರಿ

ಪ್ರಶ್ನೆ: ಸರ್, ಕುಷ್ಟಗಿ ಹತ್ರ ನಮ್ಮೂರಾಗ ಅಜ್ಜನ ಕಾಲದ ಮಾಳಗಿ ಮನಿ ಕೆಡವಿ ಹೊಸಾದು ಕಟ್ಟಾಕತ್ತೀವ್ರಿ. ಹಳೇ ಹಾಸುಗಲ್ಲು, ಗ್ವಾಡಿ ಕಲ್ಲು ರಾಶಿ ಬಿದ್ದಾವು. ಮುಂದ 600 ಚದರ ಅಡಿ ಅಂಗಳ ಐತಿ, ಕಂಟ್ರಾಕ್ಟರ್ ಕಾಂಕ್ರೀಟ್ ಹಾಕಿ ಮ್ಯಾಲ ಪಾಲಿಶ್ ಗ್ರಾನೈಟ್ ಕೂಡ್ರಸೋಣು, ಹಳೇ ಕಲ್ಲೆಲ್ಲ ಬುನಾದಿಗೆ ತುಂಬೋಣು ಅಂತಾರ. ನಮ್ಮದು ಎರಿ ನೆಲ. ಏನ್ ಮಾಡೋಣ್ರಿ?

ಉತ್ತರ: ಅಣ್ಣಾರ, ಮೊದ್ಲು ಆ ಕಲ್ಲು ಬುನಾದಿಗೆ ಹೋಗೋದು ನಿಲ್ಲಿಸ್ರಿ, ಇವತ್ತ ಫೋನ್ ಮಾಡಿ ಹೇಳ್ರಿ. ಉಳಿ ಸುತ್ತಿಗಿ ಹಿಡಿದು ಕೈಲೆ ಕಡದ ಕಲ್ಲು ಅವು. ಹೊಸಾ ಕಲ್ಲು ಅಂದ್ರ ಕ್ವಾರಿ ಒಡೀಬೇಕು, ಕೊಯ್ಸಬೇಕು, ಪಾಲಿಶ್ ಹೊಡಸಬೇಕು, ಲಾರಿಗೆ ಹೇರಬೇಕು, ಅಷ್ಟಕ್ಕೂ ಡೀಸೆಲ್ಲು ಕರೆಂಟು ನೀರು ಬೇಕು, ನಿಮ್ಮ ಕಲ್ಲಿಗೆ ಅದು ಯಾವ್ದೂ ಬೇಕಾಗಿಲ್ಲ, ಅಂಗಳದಾಗ ಬಿದ್ದಾವು. ಅದೂ ಅಲ್ದ ಪಾಲಿಶ್ ಗ್ರಾನೈಟ್ ಮಳಿ ಬಿದ್ರ ಜಾರತೈತ್ರಿ, ಮನ್ಯಾಗ ವಯಸ್ಸಾದವ್ರು ಇದ್ರ ಅದನ್ನ ಅಂಗಳಕ್ಕ ಹಾಕಬಾರ್ದು.

ಒಂದೊಂದು ಕಲ್ಲು ಸುತ್ತಿಗಿಲೆ ಸಣ್ಣಗ ತಟ್ಟಿ ನೋಡ್ರಿ, ಠಣ್ ಅಂದ್ರ ಗಟ್ಟಿ, ಬದ್ದ್ ಅಂದ್ರ ಒಳಗ ಬಿರುಕು ಐತಿ ಅಂತ. ಗಟ್ಟಿ ಇರೋ ಚಪ್ಪಟಿ ಕಲ್ಲು ನೆಲಕ್ಕ, ಬಿರುಕಿನವು ಗಿಡದ ಪಾತಿ ಅಂಚಿಗೆ, ಗ್ವಾಡಿ ಕಲ್ಲು ಕುಂದ್ರೋ ಕಟ್ಟಿಗೆ.

ಈಗ ಎರಿ ನೆಲದ ಮಾತು. ಜನ ಕಲ್ಲಿನ ಬಣ್ಣ ನೋಡತಾರ, ಕೆಳಗ ಏನೈತಿ ನೋಡಂಗಿಲ್ಲ. ಎರಿ ಮಣ್ಣು ಮಳಿಗೆ ಉಬ್ಬತೈತಿ, ಬ್ಯಾಸಗ್ಯಾಗ ಬಾಯಿ ಬಿಡತೈತಿ, ಮ್ಯಾಲಿನ ಕಾಂಕ್ರೀಟ್ ಸೀಳತೈತಿ, ಅದಕ್ಕ ಅಂಟಿಸಿದ ಕಲ್ಲೂ ಸೀಳತಾವು. ಅದಕ್ಕ ಒಂದು, ಒಂದೂವರಿ ಅಡಿ ಎರಿ ತಗದು ಗರಸು ತುಂಬ್ರಿ, ಆರಾರು ಇಂಚಿಗೊಮ್ಮೆ ನೀರು ಹೊಡದು ಧಮ್ಮಸು ಮಾಡ್ರಿ, ಮ್ಯಾಲ ನಾಕು ಇಂಚು ಜಲ್ಲಿ, ಅದರ ಮ್ಯಾಲ ಎರಡು ಇಂಚು ದಪ್ಪ ಉಸುಕು, ಆಮ್ಯಾಲ ಕಲ್ಲು. ಸಿಮೆಂಟ್ ಬ್ಯಾಡ. ಸಂದಿ ಅರ್ಧ ಇಂಚು ಬಿಟ್ಟು ಉಸುಕು ತುಂಬ್ರಿ. ಮನಿಯಿಂದ ಹೊರಗ 10 ಅಡಿಗೆ 2 ಇಂಚು ಇಳಿಜಾರು ಇರಲಿ, ಇಲ್ಲಂದ್ರ ನೀರು ಬುನಾದಿಗೆ ಹೊಕ್ಕತೈತಿ. ಕಾರು ನಿಲ್ಲೋ ಜಾಗದಾಗ ತೆಳು ಕಲ್ಲು ಹಾಕಬ್ಯಾಡ್ರಿ, 3 ಇಂಚು ದಪ್ಪ ಬೇಕ ಬೇಕು.

ಹಿಂಗ ಹಾಕಿದ್ರ ಒಂದು ಕಲ್ಲು ಕುಸದ್ರ ಅದನ್ನಷ್ಟ ಎಬ್ಬಿಸಿ ಉಸುಕು ಹಾಕಿ ಕೂಡ್ರಸಬಹುದು, ನಾಳೆ ನಿಮ್ಮ ಮೊಮ್ಮಕ್ಕಳು ಮನಿ ಬದಲಿ ಮಾಡಿದ್ರೂ ಕಲ್ಲು ಇಡಿಯಾಗಿ ಸಿಗತಾವು, ಸಿಮೆಂಟ್ ಹಚ್ಚಿದ ಕಲ್ಲು ತಗಿಯಾಕ ಹೋದ್ರ ತುಂಡು ತುಂಡು. ಗಂಗಾವತಿ ಕಡೆ ಹಿರೇಬೆಣಕಲ್ ಗುಡ್ಡಕ್ಕ ಒಮ್ಮೆ ಹೋಗ್ರಿ, ಎರಡು ಸಾವಿರ ವರ್ಷಕ್ಕೂ ಹಿಂದಿನ ಕಲ್ಮನಿಗಳು ಅದಾವು, ಬರೇ ಚಪ್ಪಡಿ ಒಂದಕ್ಕೊಂದು ಆನಿಸಿ ನಿಲ್ಲಿಸಿದ್ದು, ನಾನಂತೂ ಅಲ್ಲಿ ನಿಂತಾಗೆಲ್ಲ ಮಾತು ಬರಂಗಿಲ್ರಿ.

ನೀರಿನ ಲೆಕ್ಕನೂ ಕೇಳ್ರಿ. ನಮ್ಮ ಕಡೆ ವರ್ಷಕ್ಕ 600 ಮಿಲಿಮೀಟರ್ ಆಸುಪಾಸು ಮಳಿ, ನಿಮ್ಮ ಅಂಗಳದ ಮ್ಯಾಲ ಬೀಳೋದು ಸುಮಾರು 33 ಸಾವಿರ ಲೀಟರ್. ಕಾಂಕ್ರೀಟ್ ಹಾಕಿದ್ರ ಅಷ್ಟೂ ಗಟಾರಕ್ಕ, ಸಂದಿ ಬಿಟ್ರ ಒಂದಿಷ್ಟರ ನೆಲಕ್ಕ ಇಳೀತೈತಿ.

ಕಲ್ಲು ಕಡಿಮಿ ಬಿದ್ರ ಇಲಕಲ್ ಕುಷ್ಟಗಿ ಕಡೆ ಕೆಂಪು ಗ್ರಾನೈಟ್ ಕೊಯ್ಯೋ ಫ್ಯಾಕ್ಟರಿಗೆ ಹೋಗಿ ಉಳಿದ ತುಂಡು, ಪಟ್ಟಿ ಕೇಳ್ರಿ, ಪಾಲಿಶ್ ಆಗದ್ದು. ಗುಡ್ಡದ ಬಂಡೆಗಲ್ಲು ಮಾತ್ರ ಯಾರಾದ್ರೂ ಪರ್ಮಿಟ್ ಇಲ್ದ ತಂದುಕೊಡ್ತೀನಿ ಅಂದ್ರ ಬ್ಯಾಡ ಅನ್ರಿ. ತುಂಡು ಮಾಡಬೇಕಂದ್ರ ನೀರು ಬಿಟ್ಟು ಕೊಯ್ಸ್ರಿ, ಒಣ ಧೂಳು ಕೊಯ್ಯೋ ಹುಡುಗರ ಪುಪ್ಪಸ ತಿಂತೈತಿ.

ಪ್ರಶ್ನೆ: ರಾಯಚೂರಿನ ನಮ್ಮ ಮನಿ ಹಿತ್ತಲದಾಗ ಶಹಾಬಾದ್ ಪರಸಿ ಹಾಕೀವ್ರಿ, ಆ್ಯಸಿಡ್ ಹಾಕಿ ತಿಕ್ಕಿದ ಮ್ಯಾಲ ಬೆಳ್ಳಗ ಕಲಿ ಬಿದ್ದೈತಿ. ಕಿತ್ತು ಟೈಲ್ಸ್ ಹಾಕಿಸ್ಲೇನ್ರಿ?

ಉತ್ತರ: ಬ್ಯಾಡ್ರಿ ಅಕ್ಕಾರ. ಶಹಾಬಾದ್ ಅಂದ್ರ ಸುಣ್ಣದಕಲ್ಲು, ಆ್ಯಸಿಡ್ ಅದರ ಮೈಯನ್ನ ತಿಂದೈತಿ, ಲಿಂಬಿ ರಸ ಬಿದ್ರೂ ಕಲಿ ಆಗೋ ಕಲ್ಲದು. ಇನ್ನ ಮುಂದ ಸಾಬೂನು ನೀರು, ತೆಂಗಿನ ನಾರು ಅಷ್ಟ ಸಾಕು. ಕಲಿ ಬಿದ್ದ ಕಲ್ಲಿನ ಬೆನ್ನು ಇನ್ನೂ ಚೊಲೋ ಇರತೈತಿ, ಉಸುಕಿನ ಮ್ಯಾಲ ಹಾಕಿದ್ರ ಮೂಲ್ಯಾಗಿಂದು ಒಂದು ಎಬ್ಬಿಸಿ ನೋಡ್ರಿ, ಚೊಲೋ ಕಂಡ್ರ ಎಲ್ಲಾನೂ ಹೊಳ್ಳಿಸಿ ಹಾಕಸ್ರಿ.